ಹದಿನಾರನೆಯ ಪಾಳಿ

ಬೆಟಗೇರಿಯ ನಮ್ಮ ಓಣಿಯ ಮೂಲೆಯಲ್ಲಿ ಒಂದು ಸಾರ್ವಜನಿಕ ನಲ್ಲಿ ಇದೆ. ಅದರಿಂದ ಏಳು ಹೆಜ್ಜೆ ದೂರ, ಮುಚ್ಚಿದ ಹಿಟ್ಟಿನ ಗಿರಣಿಯ ಎರಡನೆಯ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಮೂರು ಬೇಸಿಗೆಯ ಹಿಂದೆ, ಬುಧವಾರ, ಬೆಳಿಗ್ಗೆ ಎಂಟು ನಲವತ್ತು. ಏಳು ಹೆಜ್ಜೆ ಎಂಬುದು ಅಂದಾಜಲ್ಲ. ಆಮೇಲೆ ಎರಡು ಸಲ ಅಳೆದು ನೋಡಿದ್ದೇನೆ. ಮೂವತ್ತು ವರ್ಷ ಹೊಲಗಳ ಅಳತೆ ಮಾಡಿ ನಿವೃತ್ತನಾದವನು ನಾನು. ಅಂದಾಜು ಎಂದರೆ ನನಗೆ ಸ್ವಲ್ಪ ಭಯ.

ನಮ್ಮಲ್ಲಿ ನೀರು ಬರುವುದು ಹತ್ತು ಹನ್ನೆರಡು ದಿನಕ್ಕೊಮ್ಮೆ. ಆಗ ಪಾಳಿಯಲ್ಲಿ ಜನ ನಿಲ್ಲುವುದಿಲ್ಲ, ಪಾತ್ರೆಗಳು ನಿಲ್ಲುತ್ತವೆ. ಕೊಡ, ಬಕೀಟು, ಎಣ್ಣೆಯ ಡಬ್ಬಿ, ಏನೂ ಇಲ್ಲದಿದ್ದರೆ ಒಂದು ಇಟ್ಟಂಗಿ. ಇಟ್ಟವರು ಮನೆಗೆ ಹೋಗಿ ಚಹಾ ಕುಡಿಯಬಹುದು; ಪಾತ್ರೆ ಅವರ ಪರವಾಗಿ ನಿಂತಿರುತ್ತದೆ. ಅದನ್ನು ಸರಿಸುವುದೆಂದರೆ ಅವರ ರಟ್ಟೆ ಹಿಡಿದು ಎಳೆದ ಹಾಗೆ. ಹಿಂದೊಮ್ಮೆ ಜಗಳವಾದಾಗ ನಿಯಮ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಎರಡೇ ಸಾಲು ಬರೆದೆ. ಮನೆಗೊಂದು ಪಾತ್ರೆ. ಪಾತ್ರೆ ತುಂಬುವವರೆಗೆ ಪಾಳಿ ಅದರದೇ. ಆ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಕಾಯುವ ಕೆಲಸವೂ ನನಗೇ ಬಂತು.

ಆ ದಿನ ಮೂವತ್ತೆಂಟು ಪಾತ್ರೆಗಳಿದ್ದವು. ನೀರು ಬಿಡುವವನು ಸೈಕಲ್ಲಿನ ಮೇಲೆ ಬಂದು, "ಒಂಬತ್ತೂವರಿಗೆ ಬಂದ್ ಮಾಡ್ತೀನ್ರಿ, ಆಮ್ಯಾಗ ನನ್ನ ಬೈಬ್ಯಾಡ್ರಿ," ಎಂದ. ಐವತ್ತು ನಿಮಿಷ. ಒಂದು ಪಾತ್ರೆಗೆ ಒಂದೂವರೆ ನಿಮಿಷ. ಮೂವತ್ಮೂರು ಮನೆಗೆ ಸಿಗುತ್ತದೆ, ಉಳಿದ ಐದಕ್ಕೆ ಇಲ್ಲ. ನನ್ನದು ಇಪ್ಪತ್ತೇಳನೆಯದು. ನಾನು ನಿಶ್ಚಿಂತನಾಗಿದ್ದೆ.

ಮೂವತ್ತೈದನೆಯ ಕೊಡ ನೂಲಿಗೆ ಬಣ್ಣ ಹಾಕುವವಳದು. ಅವಳ ಗಂಡ ಗಾರೆ ಕೆಲಸಕ್ಕೆ ಮುಂಡರಗಿಗೆ ಹೋಗಿದ್ದ. ಅವಳು ಓಡುತ್ತ ಬಂದಳು. ಮೊಣಕೈವರೆಗೆ ಎರಡೂ ಕೈ ಕೆಂಪು.

"ಅಣ್ಣಾರ, ಬಾಜೂ ಮನಿ ಬೋರಿನ ಮೋಟರ್ ಸುಟ್ಟೈತ್ರಿ. ನೂಲು ಬಣ್ಣದಾಗಿಂದ ತಗದೇನ್ರಿ. ಒಣಗೂದ್ರಾಗ ತೊಳೀಲಿಲ್ಲಂದ್ರ ಕಲೆ ಕಲೆ ಆಗತೈತಿ. ಲಕ್ಷ್ಮೇಶ್ವರದ ಮದವಿ ಸೀರಿದು. ಹಿಂದಿನ ಸಲಾನ ಕಲೆ ಆಗಿತ್ತು. ಇನ್ನೊಮ್ಮಿ ಆದ್ರ ನೂಲು ಕೊಡಾಂಗಿಲ್ಲ ಅಂದಾರ್ರಿ ನೇಕಾರ್ರು."

ಅಂದರೆ ಅವಳ ಮುಂದಿನ ಕೆಲಸವೆಲ್ಲ ನೂಲು ತೊಳೆಯಲು ಬೇಕಾದ ಹದಿನೈದು ನಿಮಿಷದ ನೀರಿಗೆ ಜೋತು ಬಿದ್ದಿತ್ತು.

ಎರಡನೆಯ ಪಾಳಿಯಲ್ಲಿ ಆಗಲೇ ತುಂಬಿಸಿಕೊಂಡಿದ್ದ ಗಣಿತದ ಮಾಸ್ತರರು ಕೊಡದ ಮೇಲೆ ಕೈಯಿಟ್ಟು ಹೇಳಿದರು: "ಇದರಾಗ ವಿಚಾರ ಮಾಡೂದೇನೈತಿ? ಉಳದವ್ರಿಗೆ ಹೋಗೂದು ಒಂದು ಕೊಡ ನೀರು. ಆಕಿಗೆ ಹೋಗೂದು ಹೊಟ್ಟಿಪಾಡು. ತಕ್ಕಡ್ಯಾಗ ಇಟ್ಟು ನೋಡ್ರಿ. ಆಕಿನ್ನ ಮುಂದ ಬಿಡ್ರಿ."

ಹದಿನಾರನೆಯ ಪಾಳಿಯ ಮುದುಕಿ, ಖಡಕ್ ರೊಟ್ಟಿ ಮಾಡಿ ಮಾರುವವಳು, ಕಟ್ಟೆಯ ಮೇಲೆ ಕೂತಿದ್ದಳು. "ನಿನ್ನ ಕೊಡ ತುಂಬೇತಿ, ಮನಸೂ ದೊಡ್ಡದಾಗೇತಿ ಮಾಸ್ತರ. ಪಾಳಿ ಅಂದ್ರ ಪಾಳಿ. ಇವತ್ತು ಈಕಿ ನೂಲು ಅಂತಿ. ನಾಳೆ ನಿನ್ನ ಬೀಗರು ಬರ್ತಾರ, ನಾಡದ ಇನ್ನೊಬ್ಬಾಕಿ ತಲಿ ಎರಕೋಬೇಕಂತಾಳ. ಮಂದಿ ಪಾಳಿ ಎತ್ತಿ ದಾನ ಮಾಡಾಕ ನೀ ಯಾರು?"

"ಫಲ ಏನಾಗತೈತಿ ನೋಡಬೇಕಲ್ಲಬೇ."

"ಫಲ ನೋಡಾಕ ನಾ ಮಾವಿನ ಗಿಡ ಹಚ್ಚಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಚೀಟಿ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಬಾಯಿಪಾಠವಾಗಿದ್ದ ಎರಡು ಸಾಲನ್ನು ಓದಿದೆ. ಪಾಳಿ ಬದಲಾಗುವುದಿಲ್ಲ ಎಂದೆ. ಬಣ್ಣದವಳು ಒದ್ದೆ ಬಟ್ಟೆ ಮುಚ್ಚಿದ ನೂಲಿನ ಬುಟ್ಟಿಯನ್ನು ತಂದು ನೆರಳಿನಲ್ಲಿಟ್ಟು ಅದರ ಪಕ್ಕ ಕೂತಳು. ಆ ಹೊತ್ತಿಗೆ ನಾನು ಸರಿ ಎಂದೇ ನನಗೆ ಅನಿಸಿತ್ತು.

ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಹದಿನಾರನೆಯ ಪಾಳಿ ಬಂತು. ಮುದುಕಿಯ ಬಕೀಟು ಹಳೆಯದು. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಅದಕ್ಕೆ ಚಿಂದಿ ತುರುಕಿದ್ದಳು. ಅವಳು ಅದನ್ನು ನಲ್ಲಿಯ ಕೆಳಗಿನ ಕಲ್ಲಿನ ಮೇಲೆ, ತೂತು ಅಂಚಿನಿಂದ ಹೊರಗೆ ಬರುವಂತೆ ಇಟ್ಟಳು. ಆಮೇಲೆ ಬಗ್ಗಿ, ಎಲ್ಲರೂ ನೋಡುತ್ತಿದ್ದಂತೆಯೇ, ಚಿಂದಿಯನ್ನು ಎಳೆದು ತೆಗೆದಳು. ನಾನು ಕಣ್ಣಾರೆ ಕಂಡಿದ್ದೇನೆ. ಬಲಗೈಯಿಂದ.

"ಬಾ ತಂಗಿ, ನಿನ್ನ ನೂಲು ತಾ. ನನ್ನ ಬಕೀಟಿನಾಗಿಂದ ಬಿದ್ದ ನೀರು ಯಾರ ಪಾಳಿದೂ ಅಲ್ಲ."

ಬಣ್ಣದವಳು ಕ್ಷಣ ಹೊತ್ತು ಅರ್ಥವಾಗದೆ ನಿಂತಳು. ಆಮೇಲೆ ನೂಲಿನ ಲಡಿಗಳನ್ನು ಒಂದೊಂದಾಗಿ ಆ ಧಾರೆಯ ಕೆಳಗೆ ಹಿಡಿದಳು. ಕೆಂಪು ನೀರು ಕಾಯುತ್ತಿದ್ದ ಕೊಡಗಳ ತಳ ಸವರುತ್ತ ಗಟಾರಕ್ಕೆ ಹರಿಯಿತು.

ಮೊದಲು ಗದ್ದಲ ಎಬ್ಬಿಸಿದವರು ಮಾಸ್ತರರು. "ಇದು ಅನ್ಯಾಯ. ಹದಿನೈದು ನಿಮಿಷಕ್ಕ ಹತ್ತು ಮನಿ ನೀರು ಹೋಗತೈತಿ. ಹತ್ತು ಮನಿ ದೊಡ್ಡದೋ, ಒಂದು ಮನಿ ದೊಡ್ಡದೋ?"

ನಾನು ಮೆಲ್ಲಗೆ ಹೇಳಿದೆ: "ಮಾಸ್ತರ, ನೀವು ಹೇಳಿದಂಗ ಆಕಿನ್ನ ಮುಂದ ಬಿಟ್ಟಿದ್ರೂ ಇದ ಹತ್ತು ಮನಿ ಹೋಗತಿತ್ತು."

ಅವರು ಪಾತ್ರೆಗಳ ಸಾಲನ್ನೊಮ್ಮೆ ನೋಡಿ, "ಆಗ ನಾ ಎಣಿಸಿರಲಿಲ್ಲ," ಎಂದರು. ಎಣಿಸಿದ ಮೇಲೆ ಅವರಿಗೆ ಇಪ್ಪತ್ತೆಂಟನೆಯದು ತಮ್ಮ ಮಗಳ ಮನೆಯ ಕೊಡ ಎಂಬುದೂ ಕಂಡಿರಬೇಕು.

"ಪಾಳಿ ಮುರದೇನೇನು?" ಮುದುಕಿ ನನ್ನನ್ನು ಕೇಳಿದಳು. "ಚೀಟ್ಯಾಗ ಏನೈತಿ ಓದು. ಬಕೀಟು ತುಂಬೇತೇನು ನೋಡು."

ನಾನು ಮೆಟ್ಟಿಲಿಳಿದು ಬಂದು ಬಕೀಟಿನೊಳಗೆ ಇಣುಕಿದೆ. ಮೂರು ಬೆರಳು ನೀರಿತ್ತು. "ತುಂಬಿಲ್ಲ," ಎಂದೆ. ಐದು ನಿಮಿಷದ ಮೇಲೆ ದರ್ಜಿಯವನು, ಇಪ್ಪತ್ತೊಂಬತ್ತನೆಯ ಪಾಳಿಯವನು, ಮತ್ತೆ ನೋಡಲು ಹೇಳಿದ. ನೋಡಿದೆ. "ತುಂಬಿಲ್ಲ." ಅವನ ಮನೆಯಲ್ಲಿ ಒಂಬತ್ತು ದಿನದ ಬಾಣಂತಿ. ಅದು ನನಗೆ ಗೊತ್ತಿತ್ತು. ಮೂರನೆಯ ಸಲ ಯಾರೂ ಕೇಳದೆ ನಾನೇ ಹೇಳಿದೆ.

ಮೂರು ಸಲವೂ ಹೇಳಿದ್ದು ಖರೆ. ಆದರೂ ಅಷ್ಟು ಖರೆ ಹೇಳಿ ಅಷ್ಟು ಮಂದಿಯನ್ನು ನಾನು ಜೀವನದಲ್ಲಿ ಎಂದೂ ತಡೆದು ನಿಲ್ಲಿಸಿದವನಲ್ಲ. ಚೀಟಿಯನ್ನು ಹರಿದು, "ಸಾಕು, ಬಕೀಟು ಸರಿಸು" ಎನ್ನಬಹುದಿತ್ತು. ಅಥವಾ ಮೊದಲೇ, ಮಾಸ್ತರರು ಹೇಳಿದಾಗ, "ಆತು, ಆಕಿ ತೊಳಕೊಳ್ಳಲಿ" ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ನಿಯಮವನ್ನು ಹಿಡಿದೇ ಇದ್ದೆ, ಮತ್ತು ಅದರ ತೂತಿನಿಂದ ನೀರು ಹರಿಯುವುದನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ.

ಒಂಬತ್ತು ಹದಿನೇಳಕ್ಕೆ ಕೊನೆಯ ಲಡಿ ಮುಗಿಯಿತು. ಮುದುಕಿ ಬಕೀಟೆತ್ತಿಕೊಂಡು, "ನನ್ನ ಪಾಳಿ ಆತು," ಎಂದು ಹೊರಟಳು. ಅವಳ ಮನೆಗೂ ಆ ದಿನ ನೀರಿಲ್ಲ. ಆ ಮಧ್ಯಾಹ್ನ ಅವಳ ಒಲೆ ಹತ್ತಲಿಲ್ಲ. ನಲ್ಲಿ ನಿಂತಾಗ ಇಪ್ಪತ್ತನಾಲ್ಕನೆಯ ಪಾತ್ರೆ ಆಗ ತಾನೇ ತುಂಬಿತ್ತು. ನನ್ನ ಕೊಡ ಒಣಗಿದ್ದಂತೆಯೇ ಮನೆಗೆ ಬಂತು.

ಅಂದು ಯಾರು ಸರಿ ಎಂದು ನಾನು ಹೇಳಲಾರೆ. ಮಾಸ್ತರರ ತಕ್ಕಡಿಯಲ್ಲಿ ಮಗಳು ಕೂತಿದ್ದಳು. ಮುದುಕಿ ನಿಯಮದ ಅಕ್ಷರ ಮುರಿಯಲಿಲ್ಲ, ಉಳಿದದ್ದೆಲ್ಲ ಮುರಿದಳು. ನೂಲು ಮಾತ್ರ ಒಂದೇ ಸಮನೆ ಕೆಂಪಾಗಿ ಒಣಗಿತು. ಅದನ್ನು ನಾನು ಸಂಜೆ ಹೋಗಿ ನೋಡಿ ಬಂದೆ.

ಮುದುಕಿ ಹೋದ ಶ್ರಾವಣದಲ್ಲಿ ತೀರಿಕೊಂಡಳು. ಕಂಡವರಲ್ಲಿ ಸಾಕ್ಷಿ ಕೇಳಬಹುದಾದವರು ಇವರು. ನೀರು ಬಿಡುವವನು, ಅವನು ತನಗೇನೂ ಗೊತ್ತಿಲ್ಲ ಎನ್ನುತ್ತಾನೆ, ಆದರೆ ಸೈಕಲ್ಲು ಒರಗಿಸಿ ಪೂರ್ತಿ ನೋಡಿದ್ದ. ಮಾಸ್ತರರು, ಈಗ ಗದಗಿನಲ್ಲಿ ಮಗಳ ಹೊಸ ಮನೆಯಲ್ಲಿದ್ದಾರೆ. ಬಣ್ಣದವಳು, ನೇಕಾರರ ನೂಲು ಈಗಲೂ ಅವಳ ಅಂಗಳಕ್ಕೇ ಬರುತ್ತದೆ. ಮತ್ತು ದರ್ಜಿ. ಅವನು ಆ ಬೆಳಿಗ್ಗೆ ಖಾಲಿ ಕೊಡ ಹೆಗಲಿಗೇರಿಸಿ ಮೂರು ಓಣಿ ದಾಟಿ ನೀರು ತಂದ. ಈಗ ಶಿರಹಟ್ಟಿಯ ಬಸ್ ನಿಲ್ದಾಣದ ಹತ್ತಿರ ಅವನ ಅಂಗಡಿ ಇದೆ. ಹೋದ ತಿಂಗಳು ಒಂದು ಅಂಗಿಯ ಅಳತೆ ಕೊಡಲು ಹೋಗಿದ್ದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ನನ್ನನ್ನು ನೋಡಿದ, ಟೇಪು ತೆಗೆದ, ಆಮೇಲೆ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಹೇಳಿದ: "ಕುಂಡ್ರಿ ಸಾಹೇಬ್ರ. ನಿಮ್ಮ ಮುಂದ ಇನ್ನಾ ಮಂದಿ ಅದಾರ."