ಎರಡು ಲೆಕ್ಕ ಕಾಯುವ ಗೋಡೆ

ಕಡೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ನಾನು ಕ್ವಾಂಟಂ ಕ್ಷೇತ್ರ ಸಿದ್ಧಾಂತದಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಒಂದು ಗೆರೆಯ ಮೇಲೆ ಬಲಕ್ಕೆ ಓಡುವ ಕಣಗಳು, ಎಡಕ್ಕೆ ಓಡುವ ಕಣಗಳು. ಎರಡೂ ಗುಂಪಿನ ಲೆಕ್ಕ ಬೇರೆಬೇರೆಯಾಗಿ ಉಳಿಯುವುದು ಅಲ್ಲಿನ ಸಮ್ಮಿತಿ. ಗೆರೆಯ ತುದಿಗೊಂದು ಗೋಡೆಯಿಟ್ಟು, ಅಲ್ಲೂ ಎರಡು ಲೆಕ್ಕ ಕೆಡದಂಥ ನಿಯಮ ಬರೆಯಬೇಕಿತ್ತು. ಬೇಸಿಗೆ ರಜೆಯಲ್ಲಿ ಮುಗಿಸಿಬಿಡುತ್ತೇನೆಂದು ಮಾರ್ಗದರ್ಶಕರಿಗೆ ಧೈರ್ಯವಾಗಿ ಹೇಳಿದ್ದೆ.

ಆ ರಜೆ ಹೋಗಿ ಇನ್ನೊಂದು ರಜೆ ಬಂತು. ಗೋಡೆಗೆ ಬಡಿದ ಕಣ ವಾಪಸಾದರೆ ಬಲದ ಗುಂಪಿನದು ಎಡಕ್ಕೆ ಸೇರಿಬಿಡುತ್ತಿತ್ತು. ವಿರುದ್ಧ ವಿದ್ಯುದಂಶದ ಪ್ರತಿಕಣವಾಗಿ ತಿರುಗಲಿ ಎಂದರೆ ಒಟ್ಟು ಲೆಕ್ಕವೇ ತಪ್ಪುತ್ತಿತ್ತು.

ಒಂದು ಭಾನುವಾರ ಕಾಗದಗಳನ್ನು ಹೊತ್ತುಕೊಂಡು ತರೀಕೆರೆಯ ಗೆಳತಿಯ ಮನೆಗೆ ಹೋದೆ. ಅವಳು ಅಜ್ಜಂಪುರದಲ್ಲಿ ಗಣಿತದ ಉಪನ್ಯಾಸಕಿ. ಬೆಳ್ಳುಳ್ಳಿ ಸುಲಿಯುತ್ತ ನನ್ನ ಗೋಳನ್ನೆಲ್ಲ ಕೇಳಿಸಿಕೊಂಡಳು. ಗೋಡೆಯೇ ಇಲ್ಲದಿದ್ದಾಗ ಲೆಕ್ಕ ಸರಿಯಿರುತ್ತದೆಯೇ ಎಂದು ಕೇಳಿದಳು. ಯಾವಾಗಲೂ ಇರುವುದಿಲ್ಲ ಎಂದೆ. ವಿದ್ಯುತ್ ಕ್ಷೇತ್ರ ಹಾಕಿದರೆ ಗೆರೆಯ ನಡುವೆಯೇ ಒಂದು ಗುಂಪು ಹೆಚ್ಚಿ ಇನ್ನೊಂದು ಇಳಿಯುತ್ತದೆ. ಅದಕ್ಕೆ ಅನಾಮಲಿ ಎನ್ನುತ್ತಾರೆ, ಅದನ್ನು ಬೇರೆ ಅಧ್ಯಾಯದಲ್ಲಿಟ್ಟಿದ್ದೇನೆ ಎಂದು ವಿವರಿಸಿದೆ.

‘ಬೇರೆ ಅಧ್ಯಾಯದಲ್ಲಿಟ್ರೆ ಸುಮ್ನಿರುತ್ತೇನೇ ಅದು? ಅಂಥ ಗೋಡೆ ಇರೋಕೇ ಆಗಲ್ಲ ಅಂತ ತೋರ್ಸು ಕಣೇ’ ಎಂದಳು.

ಸಮಾಧಾನ ಹೇಳಲಿ ಎಂದು ಹೋದವಳಿಗೆ ಸಿಟ್ಟೇ ಬಂತು. ಚಹಾ ಕುಡಿದು ಬಿಗುಮಾನದಲ್ಲೇ ಎದ್ದುಬಂದೆ. ಆದರೆ ರೈಲು ಹತ್ತಿ ಕೂತ ಮೇಲೆ ಅವಳ ಮಾತನ್ನೇ ಗೀಚತೊಡಗಿದ್ದೆ. ಅಂಥ ಗೋಡೆ ಇದ್ದುಬಿಟ್ಟರೆ ಅದರಿಂದ ದೂರದಲ್ಲೂ ಅನಾಮಲಿ ಇರಕೂಡದು. ಆದರೆ ಅದು ಇದೆ. ಕೆಲವು ವಾರಗಳಲ್ಲಿ, ಅಂಥ ಗೋಡೆ ಅಸಾಧ್ಯ ಎಂಬುದರ ಪುರಾವೆ ಪೂರ್ತಿಯಾಯಿತು. ಓದಿದ ಮಾರ್ಗದರ್ಶಕರು ಪ್ರಬಂಧದ ಶೀರ್ಷಿಕೆ ಬದಲಿಸಲು ಹೇಳಿದರು, ಅಷ್ಟೆ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಡಾಕ್ಟರೇಟ್ ಬಂದಾಗ ಸಿಹಿ ಕಟ್ಟಿಸಿಕೊಂಡು ಅದೇ ಮನೆಗೆ ಹೋದೆ. ಏನು ಕಂಡುಹಿಡಿದೆ ಎಂದು ಗೆಳತಿಯ ಅಮ್ಮ ಕೇಳಿದರು. ನಾನು ಹೇಳಿದ್ದನ್ನು ಗೆಳತಿ ತಮ್ಮ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಒಂದೇ ವಾಕ್ಯಕ್ಕಿಳಿಸಿದಳು.

‘ಇಷ್ಟ್ ವರ್ಷ ಓದಿ, ಆಗಲ್ಲ ಅಂತ ಗೊತ್ತಾಯ್ತಾ ಮಗಳೇ?’ ಎಂದು ಅಮ್ಮ ನನ್ನತ್ತ ತಿರುಗಿ ಕನ್ನಡದಲ್ಲಿ ಕೇಳಿದರು.

ಹೌದೆಂದೆ.

‘ಒಳ್ಳೇದಾಯ್ತು. ಇವಳಪ್ಪಂಗೂ ಸ್ವಲ್ಪ ಹೇಳ್ಕೊಡು. ಆ ಪಂಪು ರಿಪೇರಿ ಆಗಲ್ಲ ಅಂದ್ರೆ ಕೇಳ್ತಾನೇ ಇಲ್ಲ.’

ಹಿತ್ತಲಲ್ಲಿ ಗೆಳತಿಯ ಅಪ್ಪ ಆಗಲೇ ಪಂಪಿನ ಮುಚ್ಚಳ ಬಿಚ್ಚಿ ಕೂತಿದ್ದರು. ನನ್ನನ್ನು ಕಂಡು, ಫಿಸಿಕ್ಸ್ ಓದಿದವಳಲ್ಲವೇ, ಬಾ, ಈ ಸ್ಪ್ಯಾನರ್ ಹಿಡಿ ಎಂದರು. ಹಿಡಿದೆ.