ಇಯೋನಾ ಊರಲ್ಲಿಲ್ಲದ ಏಳು ತಿಂಗಳು

ಪೊರಿರುವಾ ಊರಲ್ಲಿ ಜುಲೈ ಎಂದರೆ ಚಳಿಗಾಲ; ಬೆಳಿಗ್ಗೆ ಎಂಟಾದರೂ ಪೂರ್ತಿ ಬೆಳಕು ಹರಿದಿಲ್ಲ. ಲೇಪೆಕಾ ತುಯಿಲೋಮಾ ಒಂದು ಕೈಯಲ್ಲಿ ವ್ಯಾನಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಕೆರೆಯುತ್ತಿದ್ದಾರೆ. ಇನ್ನೊಂದು ಕೈಯಲ್ಲಿ ಫೋನು; ಅದರಲ್ಲಿ ತೆರಿಗೆ ಕಚೇರಿಯವರು ಕಾಯುವವರಿಗೆ ಹಾಕುವ ಸಂಗೀತ. ಒಳಗೆ ಕಂಬಳಿ ಹೊದ್ದು ಕೂತಿರುವ ನೋಲೀನ್ ಅಜ್ಜಿ ಒಂಬತ್ತಕ್ಕೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿರಬೇಕು.

ಮೂತ್ರಪಿಂಡ ಸೋತವರನ್ನು ಲೇಪೆಕಾ ಒಂಬತ್ತು ವರ್ಷಗಳಿಂದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದಾರೆ. ದಿನಕ್ಕೆ ಹತ್ತು-ಹನ್ನೆರಡು ಮಂದಿ. ವೈದ್ಯರ ಹೆಸರು ಊರಿಗೆಲ್ಲ ಗೊತ್ತು. ವೈದ್ಯರವರೆಗೆ ಕರೆತರುವವರ ಹೆಸರು ಯಾರಿಗೆ ಬೇಕು?

ಇವತ್ತು ಅವರಿಗೆ ತಮ್ಮದೇ ಚಿಂತೆ. ಸಂಬಳ ಕಡಿಮೆ ಇರುವ ಮನೆಗಳಿಗೆ ಸರ್ಕಾರ ತೆರಿಗೆ ಕಚೇರಿಯ ಮೂಲಕ ಮಕ್ಕಳ ಲೆಕ್ಕದಲ್ಲಿ ವಾರವಾರ ಹಣ ಕೊಡುತ್ತದೆ. ಲೇಪೆಕಾ ಮೂವರು ಮಕ್ಕಳಿಗೆ ಪಡೆಯುತ್ತಿದ್ದರು. ಮೂರನೆಯವನು ಇಯೋನಾ, ತಂಗಿಯ ಮಗ. ಹಾಲು ಬಿಟ್ಟಾಗಿನಿಂದ ಇವರ ಮಡಿಲಲ್ಲೇ ಬೆಳೆದವನು. ಸಮೋವಾ ದ್ವೀಪಗಳಿಂದ ಬಂದ ಇವರಂಥವರ ಮನೆಗಳಲ್ಲಿ ಇದು ಹೊಸತೇನಲ್ಲ, ಇದಕ್ಕೆ ಯಾರೂ ಕಾಗದಪತ್ರ ಮಾಡಿಸುವುದಿಲ್ಲ. ಹೋದ ವರ್ಷ ಸಮೋವಾದ ಸವಾಯಿ ದ್ವೀಪದಲ್ಲಿ ಅವನ ಅಜ್ಜಿ ಹಾಸಿಗೆ ಹಿಡಿದಾಗ ಹುಡುಗ ಅವರ ಜೊತೆಗಿರಲು ಹೋದ. ಅಜ್ಜಿಯನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಏಳು ತಿಂಗಳಾಗಿತ್ತು. ಅಷ್ಟೂ ದಿನ ಹಣ ಬರುತ್ತಲೇ ಇತ್ತು. ಔಷಧಿಗೆ, ಆಮೇಲೆ ಸಾವಿನ ಮನೆಗೆ ಪದ್ಧತಿಯಂತೆ ಕಾಣಿಕೆಯಾಗಿ ಒಯ್ಯುವ ಚಾಪೆಗಳಿಗೆ ಖರ್ಚಾಗುತ್ತಲೂ ಇತ್ತು.

"ಮಗ ಅಜ್ಜಿ ಮನೆಗೆ ಹೋದ ಅಂತ ಯಾರಾದ್ರೂ ಸರ್ಕಾರಕ್ಕೆ ಹೇಳ್ತಾರಾ?" ಎನ್ನುತ್ತಾರೆ ಲೇಪೆಕಾ.

ಹೇಳಬೇಕಿತ್ತಂತೆ. ಈಗ ಮೂರೂವರೆ ಸಾವಿರ ಡಾಲರ್ ಹಿಂದಿರುಗಿಸಬೇಕು. ಇವತ್ತೇ ಕಂತು ಗೊತ್ತುಮಾಡಿಕೊಳ್ಳದಿದ್ದರೆ ಸಂಬಳದಲ್ಲಿ ಹಿಡಿಯಲು ಕಂಪನಿಗೆ ಆದೇಶ ಹೋಗುತ್ತದೆ. "ಕಂಪನಿಗೆ ಗೊತ್ತಾದ್ರೆ ಭಾನುವಾರದ ಹೊತ್ತಿಗೆ ಚರ್ಚಿಗೂ ಗೊತ್ತಾಗುತ್ತೆ. ಹಾಡೋರ ಸಾಲಲ್ಲಿ ಹೆಂಗೆ ನಿಲ್ಲಲಿ?"

ಹೊರಡುವ ಹೊತ್ತಾಯಿತು, ಸಂಗೀತ ನಿಂತಿಲ್ಲ. ಫೋನು ನೋಲೀನ್ ಅಜ್ಜಿಯ ಕೈಗೆ ಹೋಗುತ್ತದೆ. ಹೆದ್ದಾರಿ ಹತ್ತಿ ಇನ್ನು ಎಲ್ಲೂ ನಿಲ್ಲಿಸುವಂತಿಲ್ಲ ಎನ್ನುವಾಗಲೇ ಆ ಕಡೆಯಿಂದ ತೆರಿಗೆ ಕಚೇರಿಯ ಹುಡುಗನೊಬ್ಬನ ದನಿ ಕೇಳುತ್ತದೆ.

"ಫೋನು ಇಡಬೇಡಪ್ಪಾ," ಎನ್ನುತ್ತಾರೆ ಅಜ್ಜಿ. "ಅವಳು ಗಾಡಿ ಓಡಿಸ್ತಿದ್ದಾಳೆ."

"ನಾನು ಅವರ ಜೊತೆ ಮಾತ್ರ ಮಾತಾಡಬೇಕಮ್ಮ."

"ಮಾತಾಡುವಿಯಂತೆ. ಅಷ್ಟರೊಳಗೆ ನನ್ನ ಕಿಡ್ನಿ ಕಥೆ ಕೇಳು."

ಲೇಪೆಕಾರ ಬೆರಳುಗಳು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿವೆ. ವೇಗ ಹೆಚ್ಚಿಸುವಂತಿಲ್ಲ, ಹಿಂದೆ ಕೂತಿರುವುದು ರೋಗಿ. ಅಜ್ಜಿಯ ಕಥೆ ಎಡ ಕಿಡ್ನಿ ಮುಗಿಸಿ ಬಲ ಕಿಡ್ನಿಗೆ ಬರುವಾಗ ವ್ಯಾನು ಹೆದ್ದಾರಿ ಇಳಿದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲುತ್ತದೆ.

ಲೇಪೆಕಾ ಫೋನು ತೆಗೆದುಕೊಳ್ಳುತ್ತಾರೆ. ವಾರಕ್ಕೆ ಮೂವತ್ತು ಡಾಲರಿನ ಕಂತಿಗೆ ಕಚೇರಿಯ ಹುಡುಗ ಒಪ್ಪುತ್ತಾನೆ. ಆದರೆ ಅದನ್ನು ದಾಖಲಿಸುವ ಮೊದಲು ಒಂದು ಸಾಲು ಓದುತ್ತಾನೆ: "ಆ ಏಳು ತಿಂಗಳು ಇಯೋನಾ ನಿಮ್ಮ ಆಶ್ರಯದ ಮಗು ಆಗಿರಲಿಲ್ಲ. ಹೌದು ಅಂದರೆ ಸಾಕು."

ಲೇಪೆಕಾ ಎಂಜಿನ್ ಆರಿಸುತ್ತಾರೆ. ಅಜ್ಜಿ ಗಡಿಯಾರ ನೋಡುತ್ತಾರೆ, ಅವಸರ ಮಾಡುವುದಿಲ್ಲ.

"ಅವನು ಈ ದೇಶದಲ್ಲಿ ಇರಲಿಲ್ಲ. ಅದು ನಿಜ, ಬರ್ಕೊಳ್ಳಿ. ನನ್ನ ಮಗು ಆಗಿರಲಿಲ್ಲ ಅಂತ ನನ್ನ ಬಾಯಿಂದ ಬರಲ್ಲ."

ಆ ಕಡೆ ಕೀಲಿಮಣೆಯ ಸದ್ದು.

"'ದೇಶದಲ್ಲಿ ಇರಲಿಲ್ಲ' ಅಂತ ಹಾಕಿದ್ದೀನಿ. ಸರೀನಾ?"

ಒಂಬತ್ತಕ್ಕೆ ಸ್ವಲ್ಪ ಮೊದಲೇ ವ್ಯಾನು ಆಸ್ಪತ್ರೆ ಬಾಗಿಲು ಮುಟ್ಟುತ್ತದೆ. ಲೇಪೆಕಾ ತೋಳು ಕೊಟ್ಟು ಅಜ್ಜಿಯನ್ನು ಇಳಿಸುತ್ತಾರೆ. "ಸಾಲ ತೀರೋಕೆ ಎರಡು ವರ್ಷ ದಾಟುತ್ತೆ ಕಣೇ," ಎಂದು ಅಜ್ಜಿ ಕೆಣಕುತ್ತಾರೆ, "ಅಲ್ಲಿವರೆಗೆ ನನ್ನನ್ನು ಬದುಕಿಸಿಡು."

ಲೇಪೆಕಾರಿಗೆ ಬೇರೆ ಆಸೆಯೇನೂ ಇಲ್ಲ. ತನ್ನಿಂದ ಮನೆಗೆ ಸಾಲ ಬಂತು ಎಂದು ಇಯೋನಾಗೆ ತಿಳಿಯಬಾರದು, ಅಷ್ಟೆ. ಬೆಳಿಗ್ಗೆಯಿಂದ ವ್ಯಾನಿನಲ್ಲಿ ಜೊತೆಗಿದ್ದು ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಳ್ಳುತ್ತಿರುವವರ ಕಡೆ ತಿರುಗಿ ಕೇಳುತ್ತಾರೆ: "ನಿಮ್ಮ ಭಾಷೆ ಅವನಿಗೆ ಓದೋಕೆ ಬರಲ್ಲ, ಅಲ್ವಾ? ಹಾಗಾದ್ರೆ ಬರೀರಿ. ನನಗೆ ಮೂರು ಮಕ್ಕಳು ಅಂತ ಬರೀರಿ."