ಬಿಸಿಲಲ್ಲೂ ಹಸುರಾಗಿದ್ದ ಹಿತ್ತಲು

ಅಂದು ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆದು, ಬಚ್ಚಲ ಹಂಡೆಗೆ ಉರಿ ಹಚ್ಚಿದೆ. ಆಮೇಲೆ ಹಿಂದಿನ ದಿನದ ಪಾತ್ರೆಗಳನ್ನು ಹಿತ್ತಲ ಕಲ್ಲಿನ ಮೇಲೆ ಹರಡಿಕೊಂಡು ಕೂತೆ. ಒಲೆಯ ಬೂದಿಗೆ ಚೂರು ಹುಣಸೆಹಣ್ಣು ಬೆರೆಸಿ ತೆಂಗಿನ ನಾರಿನಿಂದ ಉಜ್ಜಿದರೆ ಹಿತ್ತಾಳೆ ಚೊಂಬಿನಲ್ಲಿ ಮುಖ ಕಾಣುತ್ತಿತ್ತು. ಆ ಕೆಲಸ ನನಗೆ ಇಷ್ಟ. ಯುದ್ಧದ ಕಾಲ, ಮನೆಯಲ್ಲಿ ಬೇರೆ ಏನಕ್ಕೆ ಬರ ಇದ್ದರೂ ಬೂದಿಗೆ ಬರ ಇರಲಿಲ್ಲ.

ತೊಳೆದ ನೀರು ಕಲ್ಲಿನ ಮೂಲೆಯ ತೂತಿನಲ್ಲಿ ಇಳಿಯಬೇಕು. ಅಂದು ಇಳಿಯಲಿಲ್ಲ. ಒಂದು ಬಿಂದಿಗೆ ನೀರು ಸುರಿದೆ. ತೂತಿನೊಳಗಿಂದ ಗುಳುಗುಳು ಎಂದು ಸದ್ದು ಬಂತು, ಯಾರೋ ನೀರಿನಡಿಯಲ್ಲಿ ಉಸಿರು ಬಿಟ್ಟಂತೆ. ಬೂದಿಯ ನೀರೇ ಮೇಲಕ್ಕೆ ಬಂತು, ಜೊತೆಗೆ ಒಂದು ವಾಸನೆ. ಅದು ಪಾತ್ರೆಯ ವಾಸನೆಯಲ್ಲ.

ಆ ವಾಸನೆ ಎಲ್ಲಿಯದೆಂದು ತಿಳಿಯುವುದಕ್ಕೆ ಮನೆಯ ವಿಷಯ ಹೇಳಬೇಕು. ಶ್ರೀನಿವಾಸಪುರದಲ್ಲಿ ನಾವು ಬಾಡಿಗೆಗಿದ್ದ ಆ ಮನೆಯನ್ನು ಕಟ್ಟಿಸಿದವರು ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿಯ ದೊರೆಗಳ ಬಂಗಲೆ ನೋಡಿ, ತಮ್ಮ ಮನೆಗೂ ನೀರು ಹಾಕುವ ಕಕ್ಕಸು ಮಾಡಿಸಿಕೊಂಡಿದ್ದರು. ಎಲ್ಲವೂ ನೆಲದಡಿಯ ಒಂದು ಕಲ್ಲಿನ ತೊಟ್ಟಿಗೆ ಹೋಗುತ್ತಿತ್ತು. ಗಟ್ಟಿಯಾದದ್ದು ತೊಟ್ಟಿಯಲ್ಲೇ ಕೂತು, ತಿಳಿನೀರು ಮಾತ್ರ ಮಾಲೂರಿನ ಗೂಡಿನಲ್ಲಿ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಹಿತ್ತಲಿಗೆ ಹರಿದು, ಗಾರೆ ಹಾಕದೆ ಬಿಟ್ಟ ಸಂದುಗಳಿಂದ ಜಲ್ಲಿಯೊಳಗೆ ಸೋರಿ, ನೆಲದಲ್ಲಿ ಇಂಗಿಹೋಗುವ ಏರ್ಪಾಡು. ಊರಿಗೆಲ್ಲ ಅದೊಂದು ಸೋಜಿಗ. ನಮ್ಮ ಅತ್ತೆ ಮಾತ್ರ ಒಂದು ದಿನವೂ ಅದರ ಬಾಗಿಲು ತೆರೆದವರಲ್ಲ. ಚೊಂಬು ಹಿಡಿದು ಬಯಲಿಗೇ ಹೋಗುತ್ತಿದ್ದರು.

ಪಾತ್ರೆ ತೊಳೆದ ನೀರಿಗೂ ಈ ಕೊಳವೆಗಳಿಗೂ ಮೊದಲು ಸಂಬಂಧವಿರಲಿಲ್ಲ. ಅದು ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಬಾಳೆಯ ಬುಡದಲ್ಲಿ ಸೊಳ್ಳೆ ಏಳುವುದು ನೋಡಿ ನನಗೆ ತಡೆಯಲಾಗಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರು ನಿಂತ ನೀರು, ಸೊಳ್ಳೆ, ಜ್ವರ ಎಂದು ಚಿತ್ರ ಬರೆದು ಹೇಳಿಕೊಟ್ಟದ್ದು ತಲೆಯಲ್ಲಿ ಅಚ್ಚೊತ್ತಿತ್ತು. ಹಿಂದಿನ ಕಾರ್ತಿಕದಲ್ಲಿ, ಯಜಮಾನರಿಗೆ ಒಂದು ಮಾತು ಹೇಳಿ, ಕಲ್ಲಿನ ತೂತಿಗೂ ಬಚ್ಚಲಿಗೂ ಒಂದೊಂದು ಕೊಳವೆ ಹಾಕಿಸಿ ತೊಟ್ಟಿಯಾಚೆಯ ಸಾಲಿಗೆ ಸೇರಿಸಿದೆ. ಹಿತ್ತಲು ಕನ್ನಡಿಯಂತಾಯಿತೆಂದು ಬೀಗಿದೆ.

ಈಗ ಎದ್ದು ಹಿತ್ತಲ ಆಚೆ ತುದಿಗೆ ನಡೆದೆ. ಯುಗಾದಿ ಕಳೆದು ಎರಡು ವಾರ. ಊರಿನ ನೆಲವೆಲ್ಲ ಬಿರಿದಿತ್ತು. ಕೊಳವೆಯ ಸಾಲಿನ ಮೇಲೆ ಮಾತ್ರ ಗರಿಕೆ ಮೊಣಕಾಲೆತ್ತರ, ಕಪ್ಪುಹಸುರು. ಎರಡು ವಾರದಿಂದ ಅದನ್ನು ನೋಡಿ ಸಂತೋಷಪಟ್ಟವಳು ನಾನೇ. ಅಂದು ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯಿತು. ಹಿಮ್ಮಡಿಯ ಸುತ್ತ ಕಪ್ಪು ನೀರು ಒಸರಿತು. ಅಲ್ಲಿಂದ ಬಾವಿಯ ಕಟ್ಟೆಗೆ ಹೆಜ್ಜೆ ಹಾಕಿ ಎಣಿಸಿದೆ. ಹದಿನೆಂಟು.

ಒಳಗೆ ನನ್ನ ಮಗಳು, ನಾಲ್ಕು ವರ್ಷದವಳು, ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಹಿಂದಿನ ದಿನದಿಂದ ಭೇದಿ. ಮೈ ಬೆಚ್ಚಗಿತ್ತು. ಅತ್ತೆ ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿ, ಮಕ್ಕಳಿಗೆ ಬರುವುದೇ ಎಂದು ಸುಮ್ಮನಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹದಿನೆಂಟು ಹೆಜ್ಜೆ ಎಣಿಸಿದ ಮೇಲೆ ಹಾಗೆ ಅಂದುಕೊಳ್ಳಲಾಗಲಿಲ್ಲ. ಹೋದ ವರ್ಷ ಮುಳಬಾಗಿಲ ಕಡೆ ತಾಯಲೂರಿನಲ್ಲಿ ವಾಂತಿಭೇದಿ ಬಂದು ನಮಗೆ ಗೊತ್ತಿದ್ದ ಒಂದು ಮನೆಯಲ್ಲಿ ಒಂದೇ ವಾರದಲ್ಲಿ ಮೂರು ಜನ ಹೋಗಿದ್ದರು. ಅವರೂ ಒಂದೇ ಬಾವಿಯ ನೀರು ಕುಡಿದವರು. ಮಗುವಿನ ತಲೆಯ ಬಳಿಯ ಲೋಟ ನೋಡಿದೆ. ಅರ್ಧ ಕುಡಿದಿಟ್ಟಿದ್ದಳು. ಆ ನೀರನ್ನು ಸೇದಿದವಳು ನಾನು.

ಯಜಮಾನರು ರಾಯಲ್ಪಾಡಿನ ಕಡೆ ಕ್ಯಾಂಪು ಹೋಗಿದ್ದರು. ಮಾರನೆಯ ದಿನ ಬರುವವರು. ಕಾಯುವ ಧೈರ್ಯ ನನಗಿರಲಿಲ್ಲ. ಹಾಲು ತರುವವಳ ಕೈಲಿ ಮಣ್ಣು ಕೆಲಸದ ಮೇಸ್ತ್ರಿಗೆ ಹೇಳಿಕಳಿಸಿದೆ. ಆತ ಹಿಂದೆ ಗಣಿಯ ಬಂಗಲೆಗಳಲ್ಲಿ ಇಂಥ ಕೊಳವೆ ಹಾಕಿದ್ದವನು. ಹೆಂಡತಿಯೊಂದಿಗೆ ಹಾರೆ, ಮಂಕರಿ ಹಿಡಿದು ಬಂದ. ಗರಿಕೆ ನೋಡಿದವನೇ ನಕ್ಕ.

"ಇಷ್ಟು ಹಸ್ರು ಐತಂದ್ರೆ ಕೆಳಗೆ ಔತಣ ನಡೀತೈತೆ ಅಂತ ಲೆಕ್ಕ, ಅಮ್ಮಯ್ಯ."

"ನಗಬೇಡಪ್ಪ. ಬಾವಿಗೆ ಸೇರಿದೆಯಾ ಹೇಳು."

"ಭಯಪಡೊದ್ದಮ್ಮಾ," ಎಂದು ತೆಲುಗಿನಲ್ಲಿ ಧೈರ್ಯ ಹೇಳಿದ. "ನೋಡೋಣ. ಬಟ್ಟೆಗೆ ಹಾಕೋ ನೀಲಿ ಐತಾ ಮನೇಲಿ?"

ಇದ್ದ ನೀಲಿಯನ್ನೆಲ್ಲ ಕೊಟ್ಟೆ. ಬಕೀಟಿನಲ್ಲಿ ಕಲಸಿ ಕಕ್ಕಸಿನಲ್ಲಿ ಸುರಿದ. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಹೇಳಿದ: "ಬಾವೀಲಿ ನೀಲಿ ಕಂಡ್ರೆ ನೆಟ್ಟಗೆ ದಾರಿ ಐತೆ ಅಂತ. ಕಾಣ್ದಿದ್ರೆ ದಾರಿ ಇಲ್ಲ ಅಂತೇನಲ್ಲ. ಮಣ್ಣು ಬಣ್ಣಾನ ಹಿಡ್ಕೊಂತದೆ, ಕೆಟ್ಟದ್ನ ಹಿಡ್ಕೊಂತದೋ ಇಲ್ವೋ, ಅದು ನಂಗ್ಗೊತ್ತಿಲ್ಲ."

ಆ ಮಾತು ಕೇಳದಿದ್ದರೆ ಚೆನ್ನಾಗಿತ್ತು. ಅರ್ಧ ಗಂಟೆಯಲ್ಲಿ ಗರಿಕೆಯ ಬುಡದ ನೀರು ತೆಳುನೀಲಿಯಾಯಿತು. ನಾನು ಬಾವಿಗೆ ಓಡಿ ಕೊಡ ಇಳಿಸಿದೆ. ಸೇದಿದ ನೀರನ್ನು ಬಿಳಿಯ ಪಿಂಗಾಣಿ ಬಟ್ಟಲಿಗೆ ಹಾಕಿ ಬಿಸಿಲಿಗೆ ಹಿಡಿದೆ. ಬಣ್ಣವಿರಲಿಲ್ಲ. ಅಂದು ಎಷ್ಟು ಸಲ ಹಾಗೆ ನೋಡಿದೆನೋ. ಕೆಲವೊಮ್ಮೆ ಆಕಾಶದ ನೀಲಿಯೇ ಬಟ್ಟಲಲ್ಲಿ ಬಿದ್ದು ಎದೆ ಝಲ್ಲೆನ್ನುತ್ತಿತ್ತು. ತಲೆ ಅಡ್ಡ ಹಿಡಿದು ಮತ್ತೆ ನೋಡುತ್ತಿದ್ದೆ. ಒಳಗೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಲೇ ಇತ್ತು. ಕುದ್ದು ಆರಿದ್ದನ್ನೇ ಮಗುವಿಗೆ ಚಮಚದಲ್ಲಿ ಹಾಕಿದೆ. ಚಮಚವನ್ನೂ ಕುದಿಸಿದೆ. ಹನ್ನೊಂದರ ಹೊತ್ತಿಗೆ ಮತ್ತೊಮ್ಮೆ ಭೇದಿಯಾಯಿತು. ಅವಳ ತುಟಿಗಳು ಒಣಗಿ ಬೆಳ್ಳಗಾಗಿದ್ದವು. ಕಣ್ಣು ಗುಳಿಬಿದ್ದಿದೆಯೋ, ನನಗೇ ಹಾಗೆ ಕಾಣುತ್ತಿದೆಯೋ ತಿಳಿಯದೆ ಅವಳ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನೋಡಿದೆ.

"ಅಮ್ಮ, ಬಿಡು," ಎಂದು ಮುಖ ಎಳೆದುಕೊಂಡಳು.

ಹೊರಗೆ ಮೇಸ್ತ್ರಿ ಸಾಲನ್ನು ಅಗೆದು ಮೊದಲ ಕೊಳವೆ ಎತ್ತಿ, ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿದ. ಒಳಗಿಂದ ಬೂದುಬಣ್ಣದ ಒಂದು ಹೆಂಟೆ ಜಾರಿ ಬಿತ್ತು. ಕೊಳವೆಯದೇ ಆಕಾರ, ಒಣಗಿದ ಗಾರೆಯಷ್ಟು ಗಟ್ಟಿ. ಹಾರೆಯ ಮೊನೆಯಿಂದ ಒಡೆದ. ನಡುವೆ ಕಂದು ಚೂರುಗಳು. ನನಗೆ ತಕ್ಷಣ ಗುರುತು ಸಿಕ್ಕಿತು: ಎಣ್ಣೆಸ್ನಾನದ ದಿನಗಳ ಸೀಗೆಪುಡಿಯ ಗಸಿ. ಉಳಿದದ್ದೆಲ್ಲ ನನ್ನ ಒಲೆಯ ಬೂದಿ.

"ತೊಟ್ಟಿ ಚೆನ್ನಾಗೈತೆ. ಇದೇ ಸಂದುಗಳ್ನ ಮುಚ್ಚಿರೋದು. ಇಂಗೋಕೆ ದಾರಿ ಇಲ್ದೆ ನೀರು ಮೇಲಕ್ಕೆ ಬಂದೈತೆ. ಈ ಅಡ್ಡ ಕೊಳವೆ ಯಾರು ಸೇರ್ಸಿದ್ದು?"

ಅತ್ತೆ ಹಿತ್ತಲ ಬಾಗಿಲಲ್ಲೇ ನಿಂತಿದ್ದರು. ಸುಳ್ಳು ಹೇಳುವ ಆಸೆ ಬಂತು. ಮನೆ ಕಟ್ಟಿಸಿದವರ ಮೇಲೆ ಹಾಕಿದರೆ ಯಾರೂ ಕೇಳುವವರಿರಲಿಲ್ಲ.

"ನಾನೇ," ಎಂದೆ.

"ಬೂದಿ ನೀರಲ್ಲಿ ಕರಗೋಲ್ಲ ಅಂತ ನಿಮ್ಮ ಕಾನ್ವೆಂಟಲ್ಲಿ ಹೇಳ್ಕೊಡ್ಲಿಲ್ವೇನೇ?" ಅತ್ತೆ ಕೇಳಿದರು. "ಬಾಳೆಗಿಡಕ್ಕೆ ಗೊತ್ತಿತ್ತು, ನಿನಗೆ ಗೊತ್ತಾಗ್ಲಿಲ್ಲ."

ಮೇಸ್ತ್ರಿಯ ಹೆಂಡತಿ ಮಂಕರಿ ಎತ್ತುತ್ತ ನಗು ನುಂಗಿಕೊಂಡಳು. ನನಗೆ ಅವಮಾನವೂ ಆಗಲಿಲ್ಲ. ಅದಕ್ಕೆ ಮನಸ್ಸಿನಲ್ಲಿ ಜಾಗವಿರಲಿಲ್ಲ. "ಮಗುವಿಗೆ ಇದರಿಂದಲೇ ಆಗಿದ್ದರೆ, ಅತ್ತೆ?" ಎಂದೆ. ಅವರು ಒಳಗೆ ಹೋಗಿ ಮಗುವಿನ ಪಕ್ಕ ಕೂತು ಬೀಸಣಿಗೆ ಹಿಡಿದರು. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

ಇಡೀ ಮಧ್ಯಾಹ್ನ ಕೆಲಸ ನಡೆಯಿತು. ನನ್ನ ಅಡ್ಡಕೊಳವೆಗಳನ್ನು ಕಿತ್ತು, ಪಾತ್ರೆಯ ನೀರನ್ನೂ ಬಚ್ಚಲ ನೀರನ್ನೂ ಮತ್ತೆ ಬಾಳೆಗೇ ತಿರುಗಿಸಿದರು. ಗಸಿ ಹಿಡಿದ ಜಲ್ಲಿಯನ್ನೆಲ್ಲ ತೆಗೆದು ದೂರದ ಗುಂಡಿಯಲ್ಲಿ ಮುಚ್ಚಿದರು. ಮೇಸ್ತ್ರಿ ಹಳೆಯ ಸಾಲಿಗೆ ಕೊಳವೆಗಳನ್ನು ಮತ್ತೆ ಇಡಲಿಲ್ಲ. ಅಲ್ಲಿಯ ಮಣ್ಣು ಸತ್ತಿದೆ, ಎರಡು ಬೇಸಿಗೆ ಒಣಗಲಿ ಎಂದ. ಬಾವಿಗೆ ಬೆನ್ನು ಮಾಡಿ, ಬೇಲಿಯ ಕಡೆಗೆ ಇಳಿಜಾರಿನಲ್ಲಿ ಹೊಸ ಸಾಲು ತೋಡಿ, ಹೊಸ ಜಲ್ಲಿ ಸುರಿದು, ತೊಳೆದ ಕೊಳವೆಗಳನ್ನು ಬೆರಳಗಲ ಸಂದು ಬಿಟ್ಟು ಜೋಡಿಸಿದ. ಸಂದುಗಳ ಮೇಲೆ ಮಣ್ಣು ಬೀಳದಂತೆ ಒಡೆದ ಹೆಂಚು ಮುಚ್ಚಿದ. ನಾಲ್ಕು ದಿನ ಕಕ್ಕಸಿಗೆ ನೀರು ಹಾಕಬಾರದು ಎಂದ. ಬಾವಿಗೆ ಸುಣ್ಣ ಹಾಕಿ, ಎರಡು ದಿನ ಬಿಟ್ಟು ನೀರೆಲ್ಲ ಸೇದಿ ಚೆಲ್ಲಿ ಎಂದ. ಅಲ್ಲಿಯವರೆಗೆ ದೇವಸ್ಥಾನದ ಬಾವಿಯ ನೀರು.

"ಇಷ್ಟು ದಿನ ಕುಡಿದದ್ದು?" ಎಂದು ಕೇಳಿದೆ.

ಮೇಸ್ತ್ರಿ ಆಕಾಶದ ಕಡೆ ಕೈ ಎತ್ತಿ ತೋರಿಸಿ, ಹಾರೆ ಹೆಗಲಿಗಿಟ್ಟುಕೊಂಡ.

ಅವರು ಹೋದ ಮೇಲೆ ಹಿತ್ತಲಲ್ಲಿ ನಾನೊಬ್ಬಳೇ. ಸಂಜೆಯ ಬಿಸಿಲು ಕೆಂಪು ಮಣ್ಣಿನ ಮೇಲೆ ಬಿದ್ದು, ಮುಚ್ಚಿದ ಸಾಲು ಉದ್ದಕ್ಕೆ ಉಬ್ಬಿಕೊಂಡಿತ್ತು. ಮಣ್ಣು ಮಾಡಿದ ಜಾಗ ನೆನಪಾಗುವ ಆಕಾರ. ಕಣ್ಣು ತಿರುಗಿಸಿದೆ. ಯಜಮಾನರು ಬಂದಾಗ ಏನೆಂದು ಹೇಳಲಿ, ಅವರು ಬರುವಷ್ಟರಲ್ಲಿ ಮಗು ಹೇಗಿರುತ್ತದೆ, ಎರಡೇ ಯೋಚನೆ. ಬಟ್ಟಲು ಇನ್ನೂ ಕೈಯಲ್ಲೇ ಇತ್ತು.

ಪಕ್ಕದ ಮನೆಯಾಕೆ, ನನಗಿಂತ ಹತ್ತು ವರ್ಷ ದೊಡ್ಡವರು, ಗೋಡೆಯ ಆಚೆ ಒಣಹಾಕಿದ ಬಟ್ಟೆ ತೆಗೆಯಲು ಬಂದವರು ಕತ್ತು ಚಾಚಿದರು.

"ಏನಮ್ಮ, ಬೆಳಿಗ್ಗೆಯಿಂದ ಅಗೆಸ್ತಾನೇ ಇದ್ದೀಯ? ನಿಧಿ ಏನಾದ್ರೂ ಸಿಕ್ತಾ?"

"ಕೊಳವೆ ಕಟ್ಟಿತ್ತು ಅಕ್ಕ, ರಿಪೇರಿ ಮಾಡಿಸ್ದೆ," ಎಂದೆ. "ಮಗೂಗೆ ನಿನ್ನೆಯಿಂದ ಭೇದಿ. ಬಾವಿ ನೀರಿಂದಲೋ ಏನೋ ಅಂತ ಭಯ ಆಗ್ತಿದೆ."

ಅವರು ಒಂದು ಸೀರೆಯನ್ನು ನಾಲ್ಕು ಮಡಿಕೆ ಮಡಿಸಿ, ಕಂಕುಳಿಗೆ ಸಿಕ್ಕಿಸಿಕೊಂಡು, ಮುಂದಿನದಕ್ಕೆ ಕೈ ಹಾಕುತ್ತ ಹೇಳಿದರು:

"ಭೇದಿ ಆಗ್ದೆ ಇನ್ನೇನಾಗ್ತದೆ ಕಣೇ, ಮೊನ್ನೆ ಮಧ್ಯಾಹ್ನ ನಾನು ಉಪ್ಪಿನಕಾಯಿಗೆ ಹೆಚ್ಚಿಟ್ಟಿದ್ದ ಮಾವಿನಕಾಯಿ ಅರ್ಧ ಮೊರ ಖಾಲಿ ಮಾಡಿದ್ದಾಳೆ ನಿನ್ನ ಮಗಳು, ಅಮ್ಮಂಗೆ ಹೇಳ್ಬೇಡಿ ಅಂತ ನನ್ನ ಕೈಲೇ ಆಣೆ ಬೇರೆ ಹಾಕಿಸ್ಕೊಂಡು."